ಕೆಳಗಿನ ಮನೆಯ ಫೋನ್ ನಂಬರು

ಸೌಟಿನಿಂದ ಕಿಟಕಿಯ ಸರಳಿಗೆ ಬಡಿದ ಸದ್ದು ಕೇಳಿದರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ಬನಶಂಕರಿಯಲ್ಲಿ ನಾವು ಬಾಡಿಗೆಗಿದ್ದ ಮಹಡಿ ಮನೆಗೆ ಫೋನ್ ಇರಲಿಲ್ಲ. ಮೊಬೈಲ್ ಇನ್ನೂ ನಮ್ಮಂಥವರ ಕೈಗೆ ಬಂದಿರಲಿಲ್ಲ. ಯಾವ ಅರ್ಜಿಯಲ್ಲಿ ಫೋನ್ ನಂಬರ್ ಕೇಳಿದರೂ ಕೆಳಗಿದ್ದ ಓನರ್ ಆಂಟಿಯ ನಂಬರ್ ಬರೆದು, ಪಕ್ಕದಲ್ಲಿ ‘ಪಿ.ಪಿ.’, ಅಂದರೆ ಬೇರೆಯವರ ಮನೆಯ ಫೋನು, ಅಂತ ಹಾಕುತ್ತಿದ್ದೆ. ನಮಗೆ ಕರೆ ಬಂದರೆ ಆಂಟಿ ಸೌಟಿನಿಂದ ಸರಳಿಗೆ ಎರಡೇಟು ಬಡಿಯುವರು, ನಾನು ಮೆಟ್ಟಿಲಿಳಿದು ಓಡುವೆ.

ಗದಗಿನಿಂದ ಬಂದ ಮೇಲೆ ಅದು ನಮಗೆ ಐದನೇ ಮನೆ. ಗಂಟುಮೂಟೆ ಕಟ್ಟಿ ಕಟ್ಟಿ ನನಗೆ ಸಾಕುಸಾಕಾಗಿತ್ತು. ಯಾರೂ ‘ಖಾಲಿ ಮಾಡಿ’ ಅನ್ನದ ಸ್ವಂತ ಎರಡು ಕೋಣೆ ಬೇಕು, ಅದೊಂದೇ ನನ್ನ ಹಟ. ಬಿಳೇಕಹಳ್ಳಿಯಲ್ಲಿ ಒಂದು ಪುಟ್ಟ ಫ್ಲ್ಯಾಟ್ ನೋಡಿಟ್ಟಿದ್ದೆವು. ನಮ್ಮವರದು ಗ್ಯಾರೇಜ್ ಕೆಲಸ, ಸಂಬಳದ ಚೀಟಿ ಇಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಕಣ್ಣಿನ ಕ್ಲಿನಿಕ್ಕಿನಲ್ಲಿ ಕೌಂಟರಿಗೆ ಕೂರುತ್ತಿದ್ದ ನನಗೆ ಅದಿತ್ತು. ಸಾಲ ಹುಟ್ಟಿದರೆ ನನ್ನ ಹೆಸರಿಗೇ ಹುಟ್ಟಬೇಕಿತ್ತು.

ಆ ಹೆಸರಿಗೇ ಒಂದು ದಿನ ಕ್ಲಿನಿಕ್ಕಿಗೆ ಲಕೋಟೆ ಬಂತು. ಒಳಗೆ ಕಾರ್ಡಿನ ಆಕಾರದ ರಟ್ಟು, ಅದರ ಮೇಲೆ ಮಿನುಗುವ ಅಕ್ಷರದಲ್ಲಿ ನಾನು. ನಿಮಗೆ ಕ್ರೆಡಿಟ್ ಕಾರ್ಡ್ ಈಗಾಗಲೇ ಮಂಜೂರಾಗಿದೆ ಎಂದು ಬರೆದಿತ್ತು. ರೇಷನ್ ಕಾರ್ಡಿಗೇ ತಿಂಗಳುಗಟ್ಟಲೆ ಅಲೆದವಳು ನಾನು; ಕೇಳದೆಯೇ ಮಂಜೂರಾಯಿತು ಅಂದರೆ ಹಿಗ್ಗದೆ ಇರುತ್ತೇನೆಯೆ? ವಾರದಲ್ಲೇ ಅವರ ಕಡೆಯ ಹೆಂಗಸೊಬ್ಬಳು ಫಾರಂ ಹಿಡಿದು ಬಂದಳು.

“ಎಲ್ರಿಗೂ ಬರಲ್ಲ ಮೇಡಂ ಇದು. ಆಗ್ಲೇ ಅಪ್ರೂವ್ ಆಗಿದೆ, ಸುಮ್ನೆ ಒಂದು ಸೈನ್ ಅಷ್ಟೆ. ಲೈಫ್ ಟೈಮ್ ಫ್ರೀ. ಬೇಡ ಅನ್ಸಿದ್ರೆ ಯೂಸ್ ಮಾಡ್ಬೇಡಿ.”

ಮಂಜೂರಾಗಿದ್ದರೆ ಮತ್ತೆ ಅರ್ಜಿ ಯಾಕೆ ಅಂತ ಕೇಳಬೇಕಿತ್ತು. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಸೈನ್ ಹಾಕಿದೆ. ಆಂಟಿಯ ನಂಬರನ್ನೂ ಬರೆದೆ.

ಕಾರ್ಡು ಬಂತು. ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟೆ, ಒಂದು ದಿನವೂ ಹೊರತೆಗೆಯಲಿಲ್ಲ. ಆಮೇಲೆ ಬಂದ ಲಕೋಟೆಗಳನ್ನು ಒಡೆಯಲೂ ಇಲ್ಲ. ಬಳಸದ ಕಾರ್ಡಿಗೆ ಎಂಥ ಬಿಲ್ಲು ಎಂಬ ಧೈರ್ಯ. ಮೊದಲ ಮೂರು ತಿಂಗಳಲ್ಲಿ ಬಳಸಿದವರಿಗೆ ಮಾತ್ರ ಫ್ರೀ, ಉಳಿದವರಿಗೆ ವರ್ಷದ ಶುಲ್ಕ ಎಂದು ಇರುವೆಸಾಲಿನಂಥ ಅಕ್ಷರದಲ್ಲಿ ಫಾರಂ ಹಿಂದೆ ಇತ್ತಂತೆ. ಶುಲ್ಕಕ್ಕೆ ದಂಡ, ದಂಡಕ್ಕೆ ಬಡ್ಡಿ ಬೆಳೆದಿತ್ತು.

ಒಂದು ಬೆಳಿಗ್ಗೆ ಸೌಟು ಬಡಿಯಿತು. ಊರಿಂದಿರಬೇಕು ಅಂತ ಓಡಿದೆ. ಗಂಡಸಿನ ದನಿ. “ದುಡ್ಡು ಕಟ್ಟೋ ಯೋಗ್ಯತೆ ಇಲ್ದಿದ್ರೆ ಕಾರ್ಡ್ ಯಾಕ್ರೀ ತಗೋತೀರಾ? ಮನೆ ಹತ್ರ ಜನ ಕಳಿಸ್ತೀನಿ.” ನನಗೆ ಮೂಗಿನ ತುದಿಯಲ್ಲೇ ಕೋಪ, ಕ್ಲಿನಿಕ್ಕಿನಲ್ಲಿ ಡಾಕ್ಟರನ್ನೂ ಬಿಡುವವಳಲ್ಲ. ಆದರೆ ಆಂಟಿ ಮೂರಡಿ ದೂರದಲ್ಲಿ ಹುರುಳಿಕಾಯಿ ಸೋಸುತ್ತ ಕೂತಿದ್ದರು. ಬಾಯಿಂದ ಹ್ಞೂಂ ಹ್ಞೂಂ ಬಿಟ್ಟು ಬೇರೇನೂ ಹೊರಡಲಿಲ್ಲ. ಫೋನಿಟ್ಟು ಮೆಟ್ಟಿಲ ಮೇಲೆ ಕುಸಿದೆ. ಕಾಲು ಗಡಗಡ ನಡುಗುತ್ತಿತ್ತು.

ಅಲ್ಲಿಂದ ಮೂರು ವಾರ ನಾನು ನಾನಾಗಿರಲಿಲ್ಲ. ಗೇಟು ಕಿರ್ರೆಂದರೆ ಅವರೇ ಬಂದರು ಅನ್ನಿಸುವುದು. ಸೌಟು ಬಡಿದರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಜಗಳವಾಡಿದರೆ ಆಂಟಿಗೆ ಗೊತ್ತಾಗುತ್ತದೆ, ಗೊತ್ತಾದರೆ ಖಾಲಿ ಮಾಡಿಸುತ್ತಾರೆ. ನಮ್ಮವರಿಗೂ ಹೇಳಲಿಲ್ಲ. ಆಮೇಲೆ ಸೌಟಿನ ಸದ್ದು ನಿಂತೇಹೋಯಿತು. ಆಂಟಿ ಎಂದಿನಂತೆ ಹುಳಿ, ಪಲ್ಯ ಕಳಿಸುತ್ತಿದ್ದರು, ನಾನು ಬಟ್ಟಲು ತೊಳೆದು ತಲೆತಗ್ಗಿಸಿ ಕೊಟ್ಟು ಬರುತ್ತಿದ್ದೆ. ಪೀಡೆ ತೊಲಗಿತು ಅಂದುಕೊಂಡೆ.

ಎರಡು ವರ್ಷದ ಮೇಲೆ ಮನೆಸಾಲಕ್ಕೆ ಅರ್ಜಿ ಹಾಕಿದೆವು. ಬೇರೆ ಬ್ಯಾಂಕು. ಅಧಿಕಾರಿ ಒಂದು ಹಾಳೆ ಮುಂದಿಟ್ಟುಕೊಂಡರು. ಯಾರು ಎಲ್ಲಿ ಸಾಲ ಉಳಿಸಿಕೊಂಡಿದ್ದಾರೆ ಎಂದು ಎಲ್ಲ ಬ್ಯಾಂಕಿಗೂ ತಿಳಿಸುವ ವರದಿ ಅದು. ಅಂಥದ್ದೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಅದರಲ್ಲಿ ಆ ಕಾರ್ಡಿತ್ತು. ಅವರು ಕಾರ್ಡಿನವರಿಗೆ ಫೋನ್ ಮಾಡಿ ವಿಚಾರಿಸಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು:

“ಬಾಕಿ ಚಿಕ್ಕದೇ ಮೇಡಂ, ಕಟ್ಬೋದಿತ್ತು. ಆದ್ರೆ ನೀವು ಮನೆ ಬಿಟ್ಟು ಓಡಿಹೋಗಿದೀರಿ, ಪತ್ತೆ ಇಲ್ಲ ಅಂತ ಬರ್ಕೊಂಡು ಕ್ಲೋಸ್ ಮಾಡಿದಾರೆ. ನಿಮ್ ಓನರ್ರೇ ಹೇಳಿದ್ರಂತೆ. ಈಗ ಕಟ್ಟಿದ್ರೂ ಕೆಲವು ವರ್ಷ ಇದು ಹೋಗಲ್ಲ. ಸಾಲ ಕೊಡಕ್ಕಾಗಲ್ಲ.”

ಓಡಿಹೋದವಳು ಅದೇ ಮಹಡಿಯಲ್ಲಿ ದಿನಾ ಅಕ್ಕಿ ಬೇಯಿಸುತ್ತಿದ್ದಳು. ಬಸ್ಸು ಹಿಡಿದು ಮನೆಗೆ ಬಂದೆ.

ಆಂಟಿ ಗೇಟಿನ ಹತ್ತಿರವೇ ಕಾಯುತ್ತಿದ್ದರು. “ಸಾಲ ಆಯ್ತೇನಮ್ಮಾ?”

“ಆಂಟಿ, ಆಗ ನನಗೆ ಕಾರ್ಡಿನವ್ರ ಫೋನ್ ಬರ್ತಿತ್ತಲ್ಲ…”

“ಅಯ್ಯೋ, ಅದಾ? ಅವತ್ತು ಮೆಟ್ಲ ಮೇಲೆ ನಡುಗ್ತಾ ಕೂತಿದ್ದೆ ನೋಡು, ನನ್ ಕರುಳು ಚುರುಕ್ ಅಂತು. ನನ್ನನ್ನೂ ಬಾಯಿಗೆ ಬಂದಂಗೆ ಬೈದ ಕಣೆ ಅವ್ನು. ನಂಗೂ ಭಯ. ಖಾಲಿ ಮಾಡ್ಕೊಂಡ್ ಹೋದ್ರು, ಎಲ್ಲಿಗೋ ಗೊತ್ತಿಲ್ಲ ಅಂದ್ಬಿಟ್ಟೆ. ಮತ್ತೆ ಒಂದ್ ಸಲಾನೂ ಮಾಡ್ಲಿಲ್ಲ.” ಅವರ ಮುಖದಲ್ಲಿ ಗೆದ್ದ ಸಂತೋಷವಿತ್ತು.

ಸಾಲಕ್ಕೆ ಇನ್ನೂ ಸ್ವಲ್ಪ ದಿನ ಹಿಡಿಯುತ್ತದಂತೆ ಎಂದೆ.

“ಆಗ್ಲಿ ಬಿಡು. ಬ್ಯಾಂಕ್‌ನೋರಿಗೂ ನಮ್ ನಂಬರೇ ಕೊಟ್ಟಿದೀಯ ತಾನೆ? ಫೋನ್ ಮಾಡಿದ್ರೆ ಏನ್ ಹೇಳ್ಲಿ?”

“ಇಲ್ಲೇ ಇದೀನಿ ಅಂತ ಹೇಳಿ ಆಂಟಿ,” ಅಂದೆ.