ಮದುವೆ ಕ್ಯಾಸೆಟ್ಟಿಗಾಗಿ ಕಳಿಸಿದ ನೋಟೀಸು

ಸಿಟ್ಟು ಬಂದಾಗ ಅರ್ಜಿ ಬರೆಯುವುದು ನನ್ನ ಹಳೆಯ ಚಾಳಿ. ಬಸ್ಸು ನಿಲ್ಲಿಸದೆ ಹೋದರೆ ಡಿಪೊಗೆ ಅರ್ಜಿ, ಶಾಲೆಯ ಹೆಂಚು ಒಡೆದರೆ ಮೇಲಿನ ಆಫೀಸಿಗೆ ಅರ್ಜಿ. ಹೊಳಲ್ಕೆರೆಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ನನ್ನ ಜೊತೆಯವರು, ಇವನ ಕೈಗೆ ಬಿಳಿ ಹಾಳೆ ಸಿಗದಂತೆ ನೋಡಿಕೊಳ್ಳಿ ಎಂದು ಚುಡಾಯಿಸುತ್ತಿದ್ದರು. ಅಂಥ ನಾನು ವಕೀಲರ ಬಳಿ ಹೋಗಿದ್ದು ಜೀವಮಾನದಲ್ಲಿ ಒಂದೇ ಸಲ, ತಂಗಿಯ ಮದುವೆಯ ವಿಡಿಯೊ ಕ್ಯಾಸೆಟ್ಟಿಗಾಗಿ.

ನಮ್ಮೂರು ಹಿರೇಗುಂಟನೂರಿನ ಹತ್ತಿರ. ಅಪ್ಪ ಬೇಗ ಹೋದ. ಅವ್ವ ಕುರಿ ಕಾಯ್ದು, ಇದ್ದ ತುಂಡು ಹೊಲ ಉತ್ತಿಸಿ ನಮ್ಮಿಬ್ಬರನ್ನು ಬೆಳೆಸಿದಳು. ನನಗೆ ನೌಕರಿ ಸಿಕ್ಕ ಮೇಲೆ ತಂಗಿಯ ಮದುವೆಯ ಯಜಮಾನಿಕೆ ನನ್ನದಾಯಿತು. ಗಂಡು ಹಿರಿಯೂರಿನ ಕಡೆಯವನು. ಮದುವೆ ಹೊಸದುರ್ಗದ ಒಂದು ಕಲ್ಯಾಣ ಮಂಟಪದಲ್ಲಿ. ಮದುವೆಗೆಲ್ಲ ವಿಡಿಯೊ ತೆಗೆಸುವುದು ಆಗಷ್ಟೇ ಶುರುವಾಗಿತ್ತು, ನಾನೂ ಹಿಂದೆ ಬೀಳಬಾರದು ಎಂದು ಚಿತ್ರದುರ್ಗದ ಒಂದು ಸ್ಟುಡಿಯೊದವನಿಗೆ ಹೇಳಿದೆ. ಅವನು ಅಚ್ಚು ಹಾಕಿಸಿದ ಕರಾರು ಪುಸ್ತಕ ಇಟ್ಟಿದ್ದ. ಕಾರ್ಬನ್ ಇಟ್ಟು ಬರೆದುಕೊಂಡು ರುಜು ಹಾಕಿಸಿಕೊಂಡ. ವ್ಯವಹಾರ ಅಂದರೆ ಹೀಗಿರಬೇಕು ಎಂದು ಹೊಗಳಿ ಬಂದಿದ್ದೆ. ನನಗೆ ಕೊಟ್ಟ ಪ್ರತಿಯನ್ನು ಮದುವೆಯ ಗಡಿಬಿಡಿಯಲ್ಲಿ ಎಲ್ಲೋ ಕಳೆದೆ.

ಮದುವೆಯಾಗಿ ಮೂರನೇ ತಿಂಗಳಿಗೆ ಅವ್ವನಿಗೆ ಜ್ವರ ಬಂತು. ಎರಡು ದಿನ ದೊಡ್ಡಾಸ್ಪತ್ರೆಯಲ್ಲಿದ್ದಳು, ಮೂರನೇ ದಿನ ಮನೆಗೆ ತಂದದ್ದು ಅವಳ ದೇಹವನ್ನು. ಆಮೇಲೆ ಗೋಡೆಗೆ ಹಾಕಲು ಫೋಟೊ ಹುಡುಕಿದರೆ ಒಂದೂ ಇರಲಿಲ್ಲ. ಮತದಾರರ ಗುರುತಿನ ಚೀಟಿಯಲ್ಲಿ ಮಸಿ ಹರಡಿದ ಒಂದು ಮುಖವಿತ್ತು. ಅದು ಯಾರದೆಂದು ಕೇಳಿದರೆ ನಾನೂ ತಡವರಿಸಬೇಕಿತ್ತು.

ವರ್ಷ ತುಂಬುವುದರೊಳಗೆ ತಂಗಿ ಚೊಚ್ಚಲ ಹೆರಿಗೆಗೆಂದು ನನ್ನ ಮನೆಗೆ ಬಂದಳು. ತಾಯಿಯಿಲ್ಲದ ತವರಿಗೆ ಬಂದ ಹುಡುಗಿ. ಕೂತಲ್ಲಿಂದ ಸರಕ್ಕನೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತುಬಿಡುತ್ತಿದ್ದಳು. ಏನಮ್ಮ ಎಂದರೆ ‘ಯಾರೋ ಕರದಂಗಾತು’ ಅನ್ನುತ್ತಿದ್ದಳು. ಒಳಗೆ ಯಾರೂ ಇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಕೂತವಳು ಕೈ ನಿಲ್ಲಿಸಿದಳು.

‘ಅಣ್ಣಾ, ಅವ್ವನ ದನಿ ಮರ್ತೋಗೈತೆ ಕಣೋ. ಕನಸ್ನಾಗೆ ಬರ್ತಾಳೆ, ಬಾಯಿ ಆಡಿಸ್ತಾಳೆ, ಏನೂ ಕೇಳ್ಸಲ್ಲ. ನನ್ನ ಮದುವೆ ಕ್ಯಾಸೆಟ್ ಇಸ್ಕಂಡು ಬಾ. ಹೆರಿಗೆ ಆಗಾದ್ರೊಳಗೆ ಒಂದ್ಸಲ ಕೇಳ್ಬೇಕು.’

‘ಹುಚ್ಚಿ, ಅವ್ವನ ದನಿ ಮರೀತಾರಾ?’ ಎಂದು ಗದರಿದೆ. ಆದರೆ ಶಾಲೆಗೆ ಹೋಗುವ ದಾರಿಯಲ್ಲಿ ನಾನೇ ನೆನಪು ಮಾಡಿಕೊಳ್ಳಲು ನೋಡಿದೆ. ಅವ್ವ ಕುರಿಗಳನ್ನು ಕೂಗುತ್ತಿದ್ದ ಸದ್ದು ನೆನಪಿಗೆ ಬಂತು. ನನ್ನ ಹೆಸರು ಹಿಡಿದು ಹೇಗೆ ಕರೆಯುತ್ತಿದ್ದಳು ಎಂಬುದು ಬರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು.

ಸ್ಟುಡಿಯೊಗೆ ಐದಾರು ಸಲ ಅಲೆದೆ. ‘ಮಿಕ್ಸಿಂಗಿಗೆ ದಾವಣಗೆರೆಗೆ ಹೋಗೈತೆ ಮೇಷ್ಟ್ರೆ’ ಎಂದ ಒಂದು ಸಲ. ‘ಮಿಷನ್ ಕೆಟ್ಟೈತೆ’ ಎಂದ ಇನ್ನೊಂದು ಸಲ. ಮಾತಾಡುವಾಗ ನನ್ನ ಮುಖ ನೋಡುತ್ತಿರಲಿಲ್ಲ, ಕೈಯಲ್ಲಿದ್ದ ಯಾವುದೋ ಫೋಟೊದ ಅಂಚು ಕತ್ತರಿಸುತ್ತಿರುತ್ತಿದ್ದ. ಕಳ್ಳ, ಟೇಪಿನ ಮೇಲೆ ಬೇರೆ ಮದುವೆ ತೆಗೆದಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಅಂಗಡಿಯ ಮುಂದೆ ನಿಂತು ನಾಲ್ಕು ಜನ ಕೇಳುವಂತೆ ಬೈದೆ. ಅವನು ತಲೆ ತಗ್ಗಿಸಿ ಫೋಟೊದ ಅಂಚು ಕತ್ತರಿಸುತ್ತಲೇ ಇದ್ದ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಚಿತ್ರದುರ್ಗದ ಕೋರ್ಟಿನ ಆವರಣದಲ್ಲಿ ಬಿಟ್ಟಿಯಾಗಿ ಕಾನೂನು ಸಲಹೆ ಕೊಡುವ ಒಂದು ಕೋಣೆ ಇದೆ ಎಂದು ಯಾರೋ ಹೇಳಿದರು. ಶನಿವಾರ ಶಾಲೆ ಬಿಟ್ಟವನೇ ಬಸ್ಸು ಹತ್ತಿದೆ. ಕೋಣೆಯಲ್ಲಿ ವಯಸ್ಸಾದ ವಕೀಲೆಯೊಬ್ಬರು ಕೂತಿದ್ದರು. ಮೇಜಿನ ಮೇಲೆ ಫೈಲು, ಪಕ್ಕದಲ್ಲಿ ಕಾಗದದ ಪೊಟ್ಟಣದಲ್ಲಿ ಹುರಿಗಡಲೆ.

‘ಬರ್ರಿ, ಕುಂತ್ಕಳ್ರಿ. ಏನಾತು?’

ನಾನು ನಾಲ್ಕು ಪುಟದ ಅರ್ಜಿ ಕೊಟ್ಟೆ. ಅವರು ಅದನ್ನು ಓದಿ, ಮಡಿಸಿ ಪಕ್ಕಕ್ಕಿಟ್ಟು, ‘ಇದ್ರಾಗೆ ಸಿಟ್ಟು ಬಾಳ ಐತೆ ಮೇಷ್ಟ್ರೆ. ನಿಮಗೆ ಬೇಕಾಗಿರೋದು ಏನು, ಅಷ್ಟು ಬಾಯಲ್ಲಿ ಹೇಳ್ರಿ’ ಎಂದರು.

‘ನಮ್ಮವ್ವನ ದನಿ’ ಎಂದೆ.

ಅವರು ಕಡಲೆ ಪೊಟ್ಟಣವನ್ನು ನನ್ನ ಕಡೆ ಸರಿಸಿದರು. ‘ಮದುವೆ ಕ್ಯಾಸೆಟ್ನಾಗೆ ಮಾತು ಎಲ್ಲಿರ್ತದ್ರಿ? ಉದ್ದಕ್ಕೂ ಸಿನಿಮಾ ಹಾಡು ಹಾಕಿರ್ತಾರೆ. ಮಿಕ್ಸಿಂಗ್ ಮಾಡಿದ್ದು ಇಸ್ಕಂಡ್ರೆ ನಿಮಗೆ ಉಪಯೋಗ ಇಲ್ಲ. ಮೊದಲು ತೆಗೆದ ಟೇಪು ಹಂಗೇ ಇದ್ರೆ ಅದನ್ನ ಕೇಳ್ಬೇಕು.’ ನನಗೆ ಇದು ಹೊಳೆದೇ ಇರಲಿಲ್ಲ. ಒಪ್ಪಿದ ಕೆಲಸ ಮಾಡಿಕೊಟ್ಟಿಲ್ಲ, ಹದಿನೈದು ದಿನದಲ್ಲಿ ಕ್ಯಾಸೆಟ್ಟನ್ನೂ ಮೂಲ ಟೇಪನ್ನೂ ಒಪ್ಪಿಸಬೇಕು, ಇಲ್ಲವಾದರೆ ಗ್ರಾಹಕರ ಕೋರ್ಟಿಗೆ ಹೋಗುತ್ತೇವೆ ಎಂದು ಒಂದೇ ಪುಟದ ನೋಟೀಸು ಬರೆದರು. ನಾನೇ ಅಂಚೆಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿದೆ. ಆ ದಿನ ಗೆದ್ದಷ್ಟು ಖುಷಿಯಾಗಿತ್ತು.

ಎರಡು ವಾರದ ಮೇಲೆ ಅವರು ಕರೆಸಿದರು. ಹೋದರೆ ಸ್ಟುಡಿಯೊದವನು ಬೆಂಚಿನ ತುದಿಯಲ್ಲಿ ಕೂತಿದ್ದ. ತೊಡೆಯ ಮೇಲೆ ಕರಾರು ಪುಸ್ತಕ, ಒಂದು ಪ್ಲಾಸ್ಟಿಕ್ ಕವರು. ವಕೀಲೆ ಪುಸ್ತಕ ತೆರೆದು ನನ್ನ ಮುಂದೆ ತಳ್ಳಿದರು.

‘ಇದು ನಿಮ್ಮ ರುಜುನಾ ನೋಡ್ರಿ.’

ನನ್ನದೇ. ದುಂಡಗಿನ, ಮೇಷ್ಟ್ರ ರುಜು. ಅದರ ಮೇಲೆ ‘ವಿಶೇಷ ಸೂಚನೆ’ ಎಂಬಲ್ಲಿ ಎರಡು ಸಾಲು ಬರೆದಿತ್ತು. ಹುಡುಗಿಯ ತಾಯಿ ಚಿತ್ರದಲ್ಲಿ ಬರಬಾರದು. ಬಂದರೆ ಕತ್ತರಿಸುವುದು.

ಕಾರ್ಬನ್ನಿನ ನೀಲಿ ಅಕ್ಷರ. ಓದಿದ ಕ್ಷಣದಲ್ಲೇ ಆ ದಿನ ಕಣ್ಣ ಮುಂದೆ ಬಂತು. ಬೇರೆ ಏನಾರ ಹೇಳೋದೈತಾ ಎಂದು ಅವನು ಕೇಳಿದ್ದ. ನಮ್ಮವ್ವಗೆ ಗಂಡ ಇಲ್ಲ, ಶುಭಕಾರ್ಯದ ಚಿತ್ರ ನೋಡಿ ನಾಳೆ ಬೀಗರು ಏನಾರ ಅಂದಾರು, ಅವಳನ್ನ ಹಿಡೀಬ್ಯಾಡ ಎಂದು ನಾನೇ ಹೇಳಿದ್ದೆ. ಹಿರಿಯೂರಿನ ಬೀಗರು ಒಂದು ಮಾತೂ ಅಂದಿರಲಿಲ್ಲ. ಅವರು ಅನ್ನುವ ಮೊದಲೇ ನಾನು ಮುಂದಾಲೋಚನೆ ಮಾಡಿದ್ದೆ. ಧಾರೆ ಎರೆಯಲು ಸೋದರಮಾವ, ಅತ್ತೆಯನ್ನು ಗೊತ್ತುಮಾಡಿದ್ದೂ ನಾನೇ. ಶಾಲೆಯಲ್ಲಿ ಮಕ್ಕಳಿಗೆ ಮೂಢನಂಬಿಕೆಯ ಪಾಠ ಮಾಡುವವನು ನಾನು. ಹೇಳಿದ್ದು ಕೆಟ್ಟದ್ದು ಅನಿಸಿದ್ದರೆ ನೆನಪಿನಲ್ಲಿ ಉಳಿಯುತ್ತಿತ್ತೇನೋ. ಚಪ್ಪರ, ವಾಲಗದ ಜೊತೆಗೆ ಅದನ್ನೂ ಹೇಳಿ ಮರೆತಿದ್ದೆ.

‘ಒಂದು ಕಡೆ ನಿಮ್ಮವ್ವ ಬಂದವ್ರೆ ಮೇಷ್ಟ್ರೆ,’ ಎಂದ ಸ್ಟುಡಿಯೊದವನು. ‘ತಾಂಬೂಲದ ಕಾಯಿ ರಾಶಿ ಹಿಡಿಯಾಣ ಅಂತ ಉಗ್ರಾಣಕ್ಕೆ ಹೋಗಿದ್ದೆ. ಕರಾರಿನ ಪ್ರಕಾರ ಅಷ್ಟು ಕತ್ತರಿಸಿ ನಿಮಗೆ ಕೊಡ್ಬೇಕಿತ್ತು. ಅಷ್ಟೊತ್ತಿಗೆ ತೀರ್ಕಂಡ್ರು ಅಂತ ಕೇಳ್ದೆ. ಕತ್ತರಿಸಾಕೆ ಕೈ ಬರ್ಲಿಲ್ಲ. ಹಂಗೇ ಕೊಡಾಕೂ ಮನಸ್ಸು ಬರ್ಲಿಲ್ಲ. ಅದ್ಕೇ ಸುಳ್ಳು ಹೇಳ್ತಾ ಬಂದೆ.’

ವಕೀಲೆ ಪುಸ್ತಕ ಮುಚ್ಚಿದರು. ‘ಕರಾರು ತಪ್ಪಿದ್ದು ಇವ್ರೇ, ಅದ್ರಾಗೆ ಅನುಮಾನ ಇಲ್ಲ. ಕೇಸು ಹಾಕಿದ್ರೆ ನೀವು ಗೆಲ್ತೀರಿ. ಹಾಕಾಣೇನ್ರಿ?’

ಬೇಡ ಎಂದು ತಲೆಯಾಡಿಸಿದೆ. ನಾಲ್ಕು ಜನರ ಮುಂದೆ ಬೈಸಿಕೊಂಡವನು ಕವರನ್ನು ಎರಡೂ ಕೈಯಲ್ಲಿ ನನ್ನ ಕೈಗಿಟ್ಟ. ತಪ್ಪಾಯಿತು ಎಂದು ಅವನಿಗೆ ಹೇಳಬೇಕಿತ್ತು. ಹೇಳದೆ ಎದ್ದು ಬಂದೆ.

ಭಾನುವಾರ ಬೆಳಿಗ್ಗೆ ಬಾಡಿಗೆಗೆ ಟಿವಿ, ವಿಸಿಆರ್ ತಂದೆ. ಕರಾರಿನ ವಿಷಯ ತಂಗಿಗೆ ಹೇಳುವ ಧೈರ್ಯ ಬರಲಿಲ್ಲ. ತುಂಬಿದ ಬಸುರಿ, ಗೋಡೆಗೆ ದಿಂಬು ಒರಗಿಸಿಕೊಂಡು ಕೂತಳು. ಟೇಪು ಓಡತೊಡಗಿತು. ಹಾಡಿಲ್ಲ, ಹೂವು ಬೀಳುವ ಚಿತ್ತಾರಗಳಿಲ್ಲ. ವಾಲಗ, ಮಕ್ಕಳ ಅಳು, ಅನ್ನಕ್ಕೆ ಸಾರು ಕೇಳುವವರ ಕೂಗು. ಮದುಮಗಳಾಗಿ ತಲೆ ಬಗ್ಗಿಸಿದ ತಂಗಿ. ಪಂಚೆ ಎತ್ತಿ ಕಟ್ಟಿ ಅತ್ತಿಂದಿತ್ತ ಓಡಾಡುವ ನಾನು, ಎಲ್ಲ ಕಡೆಯೂ ನಾನೇ. ತಂಗಿ ಪರದೆಯ ಮೂಲೆಗಳಲ್ಲಿ ಹುಡುಕುತ್ತಿದ್ದಳು. ‘ಇನ್ನೂ ಬರ್ಲಿಲ್ಲ ಅಲ್ವಾ?’ ಎಂದು ಎರಡು ಸಲ ಕೇಳಿದಳು.

ಆಮೇಲೆ ಕ್ಯಾಮೆರಾ ಒಂದು ಓಣಿಯಂಥ ಜಾಗದಲ್ಲಿ ನಡೆಯಿತು. ಅರ್ಧ ತೆರೆದ ಬಾಗಿಲು, ಒಳಗೆ ತೆಂಗಿನಕಾಯಿ ರಾಶಿ, ಅದರ ಪಕ್ಕ ಗೋಣಿಚೀಲದ ಮೇಲೆ ಅವ್ವ. ಹೊಸ ಸೀರೆ ಉಟ್ಟಿದ್ದಳು. ಹೊರಗಿನ ವಾಲಗದ ಕಡೆ ಕಿವಿಗೊಟ್ಟು, ಮಗಳ ಮದುವೆಯನ್ನು ಸದ್ದಿನಲ್ಲೇ ನೋಡುತ್ತಾ ಕೂತಿದ್ದಳು. ಕ್ಯಾಮೆರಾ ಕಂಡದ್ದೇ ಗಾಬರಿಯಾಗಿ ಎದ್ದು, ಸೆರಗು ಮುಖಕ್ಕೆ ಎಳೆದುಕೊಂಡಳು.

‘ಬ್ಯಾಡ ಕಣಪ್ಪಾ, ನನ್ನ ಹಿಡೀಬ್ಯಾಡ. ನನ್ ಮಗ ಬೈತಾನೆ.’

ಬಾಗಿಲು ಮುಚ್ಚಿಕೊಂಡಿತು. ಕ್ಯಾಮೆರಾ ತಿರುಗಿ ಚಪ್ಪರದ ಕಡೆ ಹೋಯಿತು. ಅವಳಿಗೆ ನಾನು ಅದನ್ನು ಹೇಳಿದ್ದೆನೇ? ಯಾವಾಗ, ಯಾವ ಮಾತಿನಲ್ಲಿ? ಎಷ್ಟು ವರ್ಷದಿಂದ ಕೆದಕುತ್ತಿದ್ದೇನೆ, ಇವತ್ತಿಗೂ ನೆನಪಾಗಿಲ್ಲ.

ತಂಗಿ ನನ್ನ ಕಡೆ ನೋಡಲಿಲ್ಲ.

‘ಅವ್ವನ ದನಿನೇ ಕಣಣ್ಣಾ,’ ಎಂದಳು. ‘ಇನ್ನೊಂದ್ಸಲ ಹಾಕು.’

ಹಾಕಿದೆ.