ಹಳದಿ ಟೋಪಿಯ ಕಟುಕ ಪ್ಲಾಸಿದೊ

ಪ್ಲಾಸಿದೊ ಎಂದರೆ ಶಾಂತ ಸ್ವಭಾವದವನು ಎಂದರ್ಥ. ಇದನ್ನು ಹೇಳಿ ನಗದವರು ಸಾಂತಿಯಾಗೊ ಊರಿನ ಮಾರುಕಟ್ಟೆಯಲ್ಲಿ ಯಾರೂ ಇರಲಿಲ್ಲ. ಕಟುಕ ಪ್ಲಾಸಿದೊ ತವೆರಾಸ್ ಬೇಸ್‌ಬಾಲ್ ಮಾತಿಗೆ ಮೂರು ಜನರ ಹಲ್ಲು ಉದುರಿಸಿದ್ದ. ನಾಲ್ಕನೆಯವನನ್ನು ಆಡಿನ ತೊಡೆಯಿಂದಲೇ ಬಡಿದು ಚರಂಡಿಗೆ ಕೆಡವಿದ್ದ.

ಆ ಹುಚ್ಚು ಅವನಿಗೆ ಅಪ್ಪನ ಬೆಲ್ಟಿನಿಂದ ಹತ್ತಿದ್ದು. ಅಪ್ಪ ಸಿರಿಲೊ ತಂಬಾಕಿನ ಉಗ್ರಾಣದ ಕೂಲಿ. ಊರಿನ ಹಳದಿ ತಂಡ ರಾಜಧಾನಿಯ ನೀಲಿ ತಂಡಕ್ಕೆ ಸೋತ ದಿನ ರೇಡಿಯೊ ಆರಿಸಿ, ಬೆಲ್ಟು ಬಿಚ್ಚಿ, ಕೈಗೆ ಸಿಕ್ಕವರನ್ನು ಬಾರಿಸುತ್ತಿದ್ದ. ಆರು ವರ್ಷದ ಪ್ಲಾಸಿದೊ ಲೆಕ್ಕ ಕಲಿತದ್ದೇ ಆ ರೇಡಿಯೊದಿಂದ. ಒಂಬತ್ತು ಸುತ್ತಿನ ಆಟದಲ್ಲಿ ಏಳನೇ ಸುತ್ತಿಗೆ ಮೂರು ಓಟ ಹಿಂದಿದ್ದರೆ ಪೇರಲೆ ಮರ ಹತ್ತಿಬಿಡಬೇಕು. ಹಳದಿ ಗೆದ್ದ ದಿನವೋ, ಅದೇ ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯುದ್ದ ಕುಣಿಯುತ್ತಿದ್ದ. ಅಪ್ಪ ಸತ್ತಾಗ ಪ್ಲಾಸಿದೊಗೆ ಹದಿನೇಳು. ಮಣ್ಣಿಗೆ ಬಂದ ನೆರೆಯವನೊಬ್ಬ ಜೇಬಿನಿಂದ ನೀಲಿ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಪ್ಲಾಸಿದೊ ಅವನ ಮೂಗಿಗೆ ಗುದ್ದಿದ. ಅವನು ತೆರೆದ ಗುಂಡಿಯೊಳಗೆ, ಪೆಟ್ಟಿಗೆಯ ಮೇಲೇ ಬಿದ್ದ. ಪಾದ್ರಿ ಪ್ರಾರ್ಥನೆ ನಿಲ್ಲಿಸಿ ಹಗ್ಗ ತರಿಸಬೇಕಾಯಿತು.

ಎರ್ಸಿಲಿಯಾಳನ್ನು ಮದುವೆಯಾದ ಮೇಲೆ ಅವಳ ತಮ್ಮ ರಾದಾಮೆಸ್‌ನೂ ಅವನ ಜೊತೆಗೂಡಿದ. ರಾದಾಮೆಸ್ ಬಾಡಿಗೆ ಮೋಟರ್‌ಸೈಕಲ್ ಓಡಿಸುವವನು, ಬಾಯಾಳಿ. ಭಾವ, ಮೈದುನ ಇಬ್ಬರೂ ಕ್ರೀಡಾಂಗಣದಲ್ಲಿ ಪಕ್ಕಪಕ್ಕದಲ್ಲಿ ಕೂತು ರಮ್ ಕುಡಿದರು, ಭುಜಕ್ಕೆ ಭುಜ ಕೊಟ್ಟು ನೀಲಿಯವರನ್ನು ಮೆಟ್ಟಿಲುಗಳಿಂದ ಉರುಳಿಸಿದರು. ಒಮ್ಮೆ ಪೊಲೀಸರ ಲಾಠಿಗೆ ಇಬ್ಬರ ತಲೆಯೂ ಒಂದೇ ದಿನ ಒಡೆಯಿತು. ಎರ್ಸಿಲಿಯಾ ಒಂದೇ ಹಾಸುಬಟ್ಟೆ ಹರಿದು ಇಬ್ಬರಿಗೂ ಪಟ್ಟಿ ಕಟ್ಟಿದಳು.

ಒಂದು ನವೆಂಬರಿನಲ್ಲಿ ಹಳದಿ ತಂಡ ಶಾರ್ಟ್‌ಸ್ಟಾಪ್ ಜಾಗದಲ್ಲಿ ಚೆಂಡು ತಡೆಯುವ ತನ್ನ ಹಳೆಯ ಆಟಗಾರ ಅಲ್ಮಾಂಸಾರನನ್ನು ನೀಲಿಗೆ ಬಿಟ್ಟುಕೊಟ್ಟು, ಬದಲಿಗೆ ಇಬ್ಬರು ಎಳೆಯ ಎಸೆತಗಾರರನ್ನು ತಂದಿತು. ಊರು ಹೊತ್ತಿ ಉರಿಯಿತು. ಕಟುಕನ ಅಂಗಡಿಯ ಮುಂದೆ ಬೆಳಗಿನಿಂದಲೇ ಜನ.

"ಮೂವತ್ನಾಲ್ಕು ವರ್ಷ ಕಣ್ರೋ ಅವನಿಗೆ! ಮಂಡಿ ಸವೆದು ಹೋಗಿದೆ," ಎಂದ ಪ್ಲಾಸಿದೊ, ಮೂಳೆ ಕೊಚ್ಚುತ್ತ. "ಇಬ್ಬರು ಎಡಗೈ ಹುಡುಗರು ಸಿಕ್ಕಿದಾರೆ. ಮುದಿ ಕತ್ತೆ ಕೊಟ್ಟು ಜೋಡೆತ್ತು ತಂದ ಹಾಗೆ."

"ಮುದಿ ಕತ್ತೆನಾ?" ರಾದಾಮೆಸ್ ಮೋಟರ್‌ಸೈಕಲ್ಲಿನಿಂದ ಇಳಿದೇ ಬಂದ. "ಹನ್ನೊಂದು ವರ್ಷ ಆಡಿದಾನೆ ನಮಗೋಸ್ಕರ. ಬೆರಳು ಮುರಿದಿದ್ರೂ ಫೈನಲ್ ಆಡ್ದ. ನೀನೇ ಅತ್ತಿದ್ದೆ ಭಾವ ಅವತ್ತು, ನನ್ನ ಕುತ್ತಿಗೆ ತಬ್ಕೊಂಡು!"

"ಅತ್ತಿದ್ದು ಅಂಗಿಗೋಸ್ಕರ. ಅದರೊಳಗಿರೋ ಆಳಿಗಲ್ಲ."

"ಅಂಗಿ ಚೆಂಡು ಹಿಡಿಯುತ್ತಾ? ನಾನು ಆಳಿನ ಜೊತೆ. ಅವನೆಲ್ಲೋ ನಾನಲ್ಲಿ."

"ಹಾಗಾದ್ರೆ ತಂಡ ಬದಲಾಯಿಸೋ ಹಾಗೆ ಹೆಂಡ್ತೀನೂ ಬದಲಾಯಿಸ್ಕೋ. ವರ್ಷಕ್ಕೊಬ್ಬಳು!" ಎಂದ ಕಾಫಿ ಮಾರುವ ಮುದುಕ ತೂಲಿಯೊ. ಗುಂಪು ಕೇಕೆ ಹಾಕಿತು. ಪ್ಲಾಸಿದೊ ನಗಲಿಲ್ಲ.

ಮೂರು ವಾರದ ನಂತರ ಎರಡೂ ತಂಡ ಎದುರಾದವು. ಕೊನೆಯ ಸುತ್ತಿನಲ್ಲಿ ಅಲ್ಮಾಂಸಾರನೇ ಚೆಂಡನ್ನು ಗೋಡೆಯಾಚೆ ಬಾರಿಸಿ ಹಳದಿಯನ್ನು ಕೆಡವಿದ. ಆ ಚೆಂಡು ಎಸೆದವನು ಹೊಸ ಎಡಗೈ ಹುಡುಗರಲ್ಲೇ ಒಬ್ಬ. ಮರುದಿನ ಬೆಳಿಗ್ಗೆ ರಾದಾಮೆಸ್ ನೀಲಿ ಅಂಗಿ ತೊಟ್ಟು ಅಂಗಡಿಗೆ ಬಂದ. ಮಾಂಸ ಕಡಿಯುವ ಕೊರಡಿನ ಮೇಲೆ ಎಡಗೈ ಊರಿ ನಿಂತ.

"ಎರಡು ಪೌಂಡು ಹದ್ದಿನ ಮಾಂಸ ಕೊಡು ಭಾವ. ಎಳೇದಿರಲಿ."

ಹಳದಿಯವರ ಟೋಪಿಯ ಮೇಲಿರುವುದು ಹದ್ದು; ಪ್ಲಾಸಿದೊನ ತಲೆಯ ಮೇಲಿದ್ದದ್ದೂ ಅದೇ ಟೋಪಿ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕೈ ತೆಗಿ," ಎಂದ ಪ್ಲಾಸಿದೊ.

"ತೆಗೀತೀನಿ ಇರು. ನಿಮ್ಮಪ್ಪ ಇದ್ದಿದ್ರೆ ನಿನ್ನೆ ನಿಂಗೆಷ್ಟು ಏಟು ಬೀಳ್ತಿತ್ತು, ಹೇಳು ನೋಡೋಣ? ಮರ ಹತ್ತಿದ್ಯಾ, ಇಲ್ವಾ?"

ಮಚ್ಚು ಎತ್ತಿದ್ದು ಪ್ಲಾಸಿದೊಗೆ ನೆನಪಿಲ್ಲ. ಇಳಿದ ಸದ್ದು ಮಾತ್ರ ನೆನಪಿದೆ. ದಿನಕ್ಕೆ ನೂರು ಸಲ ಕೇಳುವ, ಮರಕ್ಕೆ ಉಕ್ಕು ಕಚ್ಚುವ ಅದೇ ಸದ್ದು. ಮೂರು ಬೆರಳು ಕೊರಡಿನ ಮೇಲೆ, ಕೊಬ್ಬಿನ ಚೂರುಗಳ ನಡುವೆ ಉಳಿದವು. ರಾದಾಮೆಸ್ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ, "ಭಾವ, ಏನ್ ಮಾಡ್ದೆ?" ಎಂದು ಮೆಲ್ಲಗೆ ಕೇಳಿ ಕುಸಿದ. ರಕ್ತ ಮೀನಿನ ಬುಟ್ಟಿಗಳವರೆಗೂ ಹರಿಯಿತು. ಬೆರಳುಗಳನ್ನು ಆಯ್ದು ಮಂಜುಗಡ್ಡೆಯಲ್ಲಿ ಸುತ್ತಿದವನೂ ಪ್ಲಾಸಿದೊನೇ, ಮೈದುನನನ್ನು ಹೊತ್ತು ಆಸ್ಪತ್ರೆಗೆ ಓಡಿದವನೂ ಅವನೇ. ಬೆರಳು ಮತ್ತೆ ಕೂಡಿಸಲಾಗದೆಂದು ವೈದ್ಯರು ತಲೆಯಾಡಿಸಿದರು. ಕ್ಲಚ್ ಹಿಡಿಯುವ ಕೈ ಹೋಯಿತು. ಮೋಟರ್‌ಸೈಕಲ್ ಮಾರಿಹೋಯಿತು.

ಎರಡು ವರ್ಷ ಜೈಲು. ಅಲ್ಲಿಯೂ ಒಂದು ರೇಡಿಯೊ, ಅಲ್ಲಿಯೂ ಎರಡು ಬಣ್ಣ. "ನೀನ್ಯಾವ ಕಡೆ?" ಎಂದು ಕೇಳಿದವನಿಗೆ ಪ್ಲಾಸಿದೊ ಬಾಯಿ ಬಿಡಲಿಲ್ಲ. ಮೂರನೆಯ ಸಲ ಕೇಳಿದ ಆಸಾಮಿ, ಅದೇ ಅವಮಾನವೆಂದು ಬಗೆದು, ಮಸೆದ ಚಮಚವನ್ನು ಅವನ ಪಕ್ಕೆಗೆ ತುರುಕಿದ. ಗಾಯ ಕೀವಾಗಿ ತಿಂಗಳುಗಟ್ಟಲೆ ಸೋರಿತು. ಎರ್ಸಿಲಿಯಾ ನೋಡಲು ಬಂದದ್ದು ಒಂದೇ ಸಲ.

"ನಿಮ್ಮಪ್ಪ ನಿನ್ನ ಹೊಡೆದ. ನೀನು ನನ್ನ ತಮ್ಮನ್ನ ಕಡಿದೆ. ಇನ್ನು ಯಾರು ಬಾಕಿ? ನಾನಾ?"

ಕಂಬಿಯಾಚೆ ನಿಂತವನು ಪಕ್ಕೆಯ ಗಾಯವನ್ನು ಒತ್ತಿ ಹಿಡಿದುಕೊಂಡ. ಅವಳು ಎದ್ದು ಹೋದಳು.

ಬಿಡುಗಡೆಯಾದ ದಿನ ಮನೆಗೆ ಹೋಗಲು ಧೈರ್ಯ ಸಾಲದೆ ಮಾರುಕಟ್ಟೆಗೇ ನಡೆದ. ಅವನ ಅಂಗಡಿ ತೆರೆದಿತ್ತು; ಎರ್ಸಿಲಿಯಾ ಅದನ್ನು ತಮ್ಮನಿಗೆ ವಹಿಸಿದ್ದಳು. ಕೊರಡಿನ ಹಿಂದೆ ರಾದಾಮೆಸ್. ಉಳಿದೆರಡು ಬೆರಳಿನಲ್ಲಿ ಮಾಂಸ ಒತ್ತಿ ಹಿಡಿದು, ಬಲಗೈಯಲ್ಲಿ ಮಚ್ಚು ಬೀಸುತ್ತಿದ್ದ. ತಲೆಯ ಮೇಲೆ ನೀಲಿ ಟೋಪಿ.  ತೂಲಿಯೊ ತನ್ನ ಕಾಫಿಯ ಪಾತ್ರೆಯನ್ನು ದೂರಕ್ಕೆ ಎಳೆದುಕೊಂಡ.

ರಾದಾಮೆಸ್ ಮಚ್ಚನ್ನು ಕೊರಡಿಗೆ ಕಚ್ಚಿಸಿ ಬಿಟ್ಟು, ಕೊರಡನ್ನು ಬಳಸಿ ಹೊರಬಂದ. ಮೊದಲ ಗುದ್ದಿಗೆ ಪ್ಲಾಸಿದೊನ ತುಟಿ ಸೀಳಿತು. ಎರಡನೆಯದಕ್ಕೆ ದವಡೆ ಕಳಚಿತು. ಅವನು ಕೈಯೆತ್ತಲಿಲ್ಲ. ನೆಲಕ್ಕೆ ಬಿದ್ದ ಮೇಲೂ ಹಳೆಯ ಗಾಯದ ಪಕ್ಕೆಗೇ ಒದೆ ಬೀಳುತ್ತಿತ್ತು. ಪೇರಲೆ ಮರದ ಮೇಲೆ ಕೂತು ಅಪ್ಪನ ಹೆಜ್ಜೆ ಎಣಿಸುತ್ತಿದ್ದ ಹಾಗೆ ಅವನು ಒದೆಗಳನ್ನು ಎಣಿಸಿದ. ಹನ್ನೊಂದಕ್ಕೆ ರಾದಾಮೆಸ್ ನಿಂತ, ಏದುಸಿರು ಬಿಡುತ್ತ.

"ಎದ್ದೇಳೋ. ಕೈಯೆತ್ತಿ ಹೊಡಿ ನನ್ನ!"

"ಇಲ್ಲ," ಎಂದ ಪ್ಲಾಸಿದೊ. ಬಾಯಿಂದ ರಕ್ತದ ಗುಳ್ಳೆ ಬಂತು.

ರಾದಾಮೆಸ್ ಅಲ್ಲೇ ನೆಲದ ಮೇಲೆ ಕೂತು, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಎರ್ಸಿಲಿಯಾಗೆ ಯಾರೋ ಸುದ್ದಿ ಮುಟ್ಟಿಸಿದರು. ಬಂದವಳು ಇಬ್ಬರನ್ನೂ ನೋಡಿ, ಗಂಡನ ದವಡೆಗೆ ತನ್ನ ತಲೆವಸ್ತ್ರ ಬಿಗಿದು, "ಮನೆಗೆ ನಡಿ. ಬಾಳೆಕಾಯಿ ಬೇಯಿಸಿಟ್ಟಿದೀನಿ. ಅಗಿಯಕ್ಕಾಗಲ್ಲ, ಹಿಸುಕಿ ಕೊಡ್ತೀನಿ," ಎಂದಳು.

ಈಗ ಅಂಗಡಿ ಇಬ್ಬರದೂ. ರಾದಾಮೆಸ್ ಮಾತು ಮಾರುತ್ತಾನೆ, ಪ್ಲಾಸಿದೊ ಮೂಳೆ ಕಡಿಯುತ್ತಾನೆ. ಆಟದ ವಾದ ನಿಂತಿಲ್ಲ. ಅದು ನಿಂತರೆ ಗಿರಾಕಿಗಳು ಬರುವುದೂ ನಿಲ್ಲುತ್ತದೆ. ಆದರೆ ವಾದ ಶುರುವಾಗುವ ಮುಂಚೆ ಎಲ್ಲ ಕತ್ತಿ, ಮಚ್ಚುಗಳೂ ಕಬ್ಬಿಣದ ಪೆಟ್ಟಿಗೆ ಸೇರಬೇಕು, ಬೀಗದ ಕೈ ಎರ್ಸಿಲಿಯಾಳ ರವಿಕೆಯೊಳಗೆ ಹೋಗಬೇಕು. ಇದು ಅವಳ ಕಟ್ಟಳೆ.

ಕಳೆದ ಜನವರಿಯಲ್ಲಿ ಹಳದಿ ಮತ್ತೆ ಸೋತಿತು. ರಾದಾಮೆಸ್ ಕೊರಡು ಬಡಿದು ಹಾಡಿದ. ಪ್ಲಾಸಿದೊನ ಕುತ್ತಿಗೆಯ ನರ ಉಬ್ಬಿದವು, ಸೊಟ್ಟಗೆ ಕೂಡಿದ ದವಡೆ ಕಟಕಟ ಅಂದಿತು. ಅವನು ತಿರುಗಿ, ಕೊಕ್ಕೆಗೆ ನೇತುಹಾಕಿದ್ದ ಹಂದಿಗೆ ಗುದ್ದತೊಡಗಿದ. ಗೆಣ್ಣು ಒಡೆದು ರಕ್ತ ಬರುವವರೆಗೂ ಗುದ್ದಿದ. ಹಂದಿಯ ನಾಲ್ಕು ಪಕ್ಕೆಲುಬು ಮುರಿದವು. ಆ ಭಾಗವನ್ನು ಮರುದಿನ ಸಾರಿಗೆಂದು ಮಾರಿದರು.