ಬ್ಯಾಕ್‌ಸ್ಪೇಸ್ ಕಿತ್ತಿಟ್ಟ ಅಣ್ಣಾಜಿ ಮಾಸ್ತರ್

ರಾಣೆಬೆನ್ನೂರಿನ ಟೈಪಿಂಗ್ ಮಾಸ್ತರ್ ಅಣ್ಣಾಜಿಯವರು ತಮ್ಮ ಮದುವೆಯಲ್ಲಿ ಪುರೋಹಿತರು ಒಂದು ಮಂತ್ರ ತಪ್ಪಿದರೆಂದು ಹಸೆಮಣೆಯಿಂದ ಎದ್ದು ನಿಂತು, ಮೊದಲಿನಿಂದ ಶುರು ಮಾಡಿಸಿದ ಆಸಾಮಿ. ಊಟಕ್ಕೆ ಕೂತವರೂ ಎಲೆ ಬಿಟ್ಟು ಬಂದು ಮತ್ತೊಮ್ಮೆ ಅಕ್ಷತೆ ಹಾಕಿದರಂತೆ. "ನಾ ಒಬ್ಬ ಗಂಡನ್ನ ಎರಡು ಸಲ ಮದುವಿ ಆಗೀನಿ" ಎಂದು ಅವರ ಹೆಂಡತಿ ಗೋದೂಬಾಯಿ ಈಗಲೂ ಹೇಳುತ್ತಾರೆ. ಹೇಳುವಾಗ ನಗುವುದಿಲ್ಲ.

ಅವರ ಇನ್‌ಸ್ಟಿಟ್ಯೂಟಿನಲ್ಲಿ ಎರಡೇ ನಿಯಮ. "ತಿದ್ದಿದ ಹಾಳಿಗೆ ಮರ್ಯಾದಿ ಇಲ್ಲ" ಎಂಬುದು ಮೊದಲನೆಯದು. ಒಂದಕ್ಷರ ತಪ್ಪಿದರೂ ಹಾಳೆ ಹರಿದು ಹೊಸದು ಏರಿಸಬೇಕು. ಎರಡನೆಯದು, "ಕಾಪಿಯೊಳಗ ಏನದ ಅದನ್ನ ಹೊಡೀಬೇಕು. ಟೈಪಿಸ್ಟ್ ತನ್ನ ಶಾಣ್ಯಾತನ ತೋರಿಸಬಾರದು." ಕಾಪಿ ಎಂದರೆ ನೋಡಿ ಹೊಡೆಯಲು ಎದುರಿಗಿಟ್ಟ ಮೂಲ ಹಾಳೆ. ನಾನು ಎರಡನ್ನೂ ಮುರಿದು, ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಕೊನೆಗೆ ಅದೇ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು.

ಎರಡು ಸಾವಿರದ ಐದರ ಹೊತ್ತಿಗೆ ಟೈಪ್‌ರೈಟರ್ ಕಲಿಯುವವರೇ ಇಲ್ಲವಾದರು. ಕಟ್ಟಡದ ಮಾಲೀಕ ಶಂಕ್ರಪ್ಪ ಬೀಜದ ವ್ಯಾಪಾರಿ. ಖಾಲಿ ಬಿದ್ದ ಖೋಲಿ ಕಂಡರೆ ಅವನಿಗೆ ಹತ್ತಿಬೀಜದ ಚೀಲಗಳೇ ಕಾಣುತ್ತಿದ್ದವು. ಮಾಸ್ತರರು ಹಟಕ್ಕೆ ಬಿದ್ದು ದಾವಣಗೆರೆಯಿಂದ ಒಂದು ಹಳೆ ಕಂಪ್ಯೂಟರ್ ತಂದರು. ಸೋಮವಾರ ಐರಣಿ, ಕುಮಾರಪಟ್ಟಣದ ಕಡೆಯ ಒಂಬತ್ತು ಹುಡುಗಿಯರು ನೋಡಲು ಬರುವವರಿದ್ದರು. ಅವರು ಸೇರಿದರೆ ಇನ್‌ಸ್ಟಿಟ್ಯೂಟ್ ಉಳಿಯುತ್ತದೆ, ಇಲ್ಲದಿದ್ದರೆ ಹತ್ತಿಬೀಜ.

ಶುಕ್ರವಾರ ಮಾಸ್ತರರು ನನಗೆ ಹೇಳಿಕಳಿಸಿದರು.

"ಸಿದ್ಲಿಂಗ್ಯಾ, ಇದು ಬರೇ ಎಡಗೈ ಕಲಿಸಲಿಕತ್ತದ ನೋಡೋ."

ನೋಡಿದರೆ ಖರೆ. ಟೈಪಿಂಗ್ ಪಾಠದ ಚಿತ್ರದಲ್ಲಿ ಎಡಗೈಯ ಕೀಲಿಗಳಷ್ಟೇ ಕುಂಬಳಕಾಯಿ ಗಾತ್ರದಲ್ಲಿ ಕಾಣುತ್ತಿದ್ದವು. ಬಲಗೈಯವು ಪರದೆಯ ಆಚೆ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಹಳೆಯದು, ಹಾಕಿದ್ದ ವಿಂಡೋಸ್ ಹೊಸದು. ಆ ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಇರಲಿಲ್ಲ. ಅದರ ತಮ್ಮನಂಥ ಇನ್ನೊಂದು ಕಾರ್ಡಿನ ಡ್ರೈವರ್ ನನ್ನ ಹತ್ತಿರ ಇತ್ತು. ಅದರ ಒಂದು ಫೈಲಿನಲ್ಲಿ ಕಾರ್ಡಿನ ನಂಬರು ಬದಲಿಸಿದರೆ ಕೆಲಸ ಮುಗಿಯುತ್ತಿತ್ತು.

"ನಾಕ ಅಂಕಿ ತಿದ್ದಿದ್ರ ಸಾಕ್ರಿ ಸರ್."

"ತಿದ್ದೂದ?" ಮಾಸ್ತರರು ಬಾಗಿಲ ಕಡೆ ನೋಡಿದರು, ಯಾರಾದರೂ ಕೇಳಿಸಿಕೊಂಡರೋ ಎಂದು. "ನನ್ನ ಇನ್‌ಸ್ಟಿಟ್ಯೂಟಿನ್ಯಾಗ? ಪೂರಾ ಹೊಸದಾಗಿ ಹೊಡದು ಕೊಡತೀನಿ. ಫೈಲ್ ಪ್ರಿಂಟ್ ತಗದು ಕೊಡು."

"ಅದು ನಲವತ್ತೊಂದು ಪುಟ ಐತ್ರಿ."

"ಇರಲಿ. ನನಗೇನು ಬೆರಳಿಲ್ಲೇನು?"

ಗುರುವಿಗೆ ಎದುರಾಡುವ ಬಾಯಿ ನನಗಿರಲಿಲ್ಲ. ಪ್ರಿಂಟ್ ಕೊಟ್ಟು, ಯಾವ ನಾಲ್ಕು ಅಂಕಿ, ಅದರ ಬದಲು ಯಾವುದು ಎಂದು ಬಾಯಿಬಿಟ್ಟು ಹೇಳಿದೆ. ಅವರು ತಲೆ ಆಡಿಸುತ್ತಲೇ ಸ್ಕ್ರೂಡ್ರೈವರ್ ತಂದು, ಕೀಬೋರ್ಡಿನಿಂದ ಬ್ಯಾಕ್‌ಸ್ಪೇಸ್ ಮತ್ತು ಡಿಲೀಟ್ ಗುಂಡಿಗಳನ್ನು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡರು. ಮನುಷ್ಯನಿಗೆ ಆಸೆ ಹುಟ್ಟಬಾರದಂತೆ.

ಶನಿವಾರ ಶುರು. ಒಂದೊಂದು ಸಾಲು ಮುಗಿದಾಗಲೂ ಅವರ ಎಡಗೈ ತಾನಾಗಿ ಮೇಲೆದ್ದು, ಟೈಪ್‌ರೈಟರಿನ ಸಾಲು ಬದಲಿಸುವ ಸರಳು ತಳ್ಳುವಂತೆ ಗಾಳಿ ತಳ್ಳುತ್ತಿತ್ತು. ಮೂರನೇ ಸಾಲಿಗೆ ಚಹಾದ ಲೋಟ ಹಾರಿತು. ಗೋದೂಬಾಯಿ ಇನ್ನೊಂದು ಲೋಟ ತಂದು ಬಲಗಡೆ ಇಟ್ಟು ಹೋದರು. ಇಪ್ಪತ್ತಮೂರನೇ ಪುಟಕ್ಕೆ ಕರೆಂಟ್ ಹೋಯಿತು. ಸೇವ್ ಮಾಡಿರಲಿಲ್ಲ.

"ಹಾಳಿ ಹರೀತು ಅಂತ ತಿಳ್ಕೊ" ಎಂದು ಮತ್ತೆ ಒಂದನೇ ಪುಟಕ್ಕೆ ಬಂದರು.

ಭಾನುವಾರ ಮೂವತ್ತೆಂಟನೇ ಪುಟದಲ್ಲಿ ಒಂದು ಅಲ್ಪವಿರಾಮ ಹೆಚ್ಚಾಗಿ ಬಿತ್ತು. ನಾನು ಕಂಡೂ ಕಾಣದಂತೆ ಕೂತೆ. ಅವರು ಕಂಡರು. ಮತ್ತೆ ಒಂದನೇ ಪುಟ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು, ಖರೆ ಹೇಳುತ್ತೇನೆ.

ಸೋಮವಾರ ಕೋಳಿ ಕೂಗುವಾಗ ಮೂರನೇ ಸಲ ಕೂತರು. ಒಂಬತ್ತಕ್ಕೆ ಹುಡುಗಿಯರು ಬಂದರು. ಹಿಂದೆಯೇ ಶಂಕ್ರಪ್ಪ ಅಳತೆ ಟೇಪು ಹಿಡಿದು ಬಂದು, ಚೀಲ ಎಷ್ಟು ಸಾಲು ಹಿಡಿಯುತ್ತವೆ ಎಂದು ಗೋಡೆ ಅಳೆಯತೊಡಗಿದ. ಮಾಸ್ತರರು ಯಾರನ್ನೂ ನೋಡಲಿಲ್ಲ. ಪರದೆಯನ್ನೂ ನೋಡಲಿಲ್ಲ. ಕಣ್ಣು ಪ್ರಿಂಟಿನ ಮೇಲೆ, ಬೆರಳು ಕೀಲಿಯ ಮೇಲೆ, ಜೋಳ ಹುರಿದಂತೆ ಸದ್ದು. ಹುಡುಗಿಯರು ಮಾತು ನಿಲ್ಲಿಸಿದರು. ಹತ್ತಕ್ಕೆ ಕೊನೆಯ ಸಾಲು ಮುಗಿಯಿತು, ಎಡಗೈ ಕೊನೆಯ ಬಾರಿ ಗಾಳಿ ತಳ್ಳಿತು.

ನಾನು ಡ್ರೈವರ್ ಹಾಕಿದೆ. ಕಂಪ್ಯೂಟರ್ ಒಲ್ಲೆ ಎಂದಿತು. ಇದಕ್ಕೆ ಹೊಂದುವ ಕಾರ್ಡೇ ಇಲ್ಲ ಎಂದಿತು.

ಶಂಕ್ರಪ್ಪ ನೋಟ್‌ಬುಕ್ಕಿನಲ್ಲಿ ಗೋಡೆಯ ಉದ್ದ ಬರೆದುಕೊಂಡ.

ಎಲ್ಲಿ ತಪ್ಪಿದೆ ಎಂದು ನಾನು ಹಳೆ ಫೈಲು, ಹೊಸ ಫೈಲು ಎರಡನ್ನೂ ಕಂಪ್ಯೂಟರಿನಿಂದಲೇ ತಾಳೆ ನೋಡಿಸಿದೆ. ಉತ್ತರ ಬಂತು: ಒಂದಕ್ಷರವೂ ವ್ಯತ್ಯಾಸವಿಲ್ಲ.

"ಸರ್, ಆ ನಾಕ ಅಂಕಿ?"

"ಯಾವ ಅಂಕಿ?"

"ಬದಲಿ ಮಾಡಿ ಹೊಡೀರಿ ಅಂತ ಹೇಳಿದ್ನಲ್ರಿ!"

"ಬಾಯಿಮಾತು ಕಾಪಿ ಅಲ್ಲ. ಹಾಳಿ ಮ್ಯಾಲೆ ಏನದ ಅದನ್ನ ಹೊಡದೀನಿ."

ಬೆಟ್ಟ ಅಗೆದು ಇಲಿ ಹಿಡಿದವರ ಮಾತು ಕೇಳಿದ್ದೆ. ಅಗೆದು, ಇಲಿಯನ್ನೂ ಬಿಟ್ಟು ಬಂದವರನ್ನು ಅಂದೇ ಕಂಡಿದ್ದು. ಆದರೆ ಒಬ್ಬ ಹುಡುಗಿ, ಪುಷ್ಪಲತಾ ಎಂದು ಹೆಸರು, ಪರದೆಯ ಮೇಲಿನ ಸಾಲನ್ನು ಓದಿ ಕೇಳಿದಳು:

"ನಲವತ್ತೊಂದು ಪುಟದಾಗ ಒಂದೂ ತಪ್ಪಿಲ್ಲೇನ್ರಿ?"

"ಮಷೀನ ಹೇಳಾಕತ್ತೈತಿ ನೋಡವ್ವಾ" ಎಂದೆ.

ಅಣ್ಣಾಜಿಯವರು ಕನ್ನಡಕ ಏರಿಸಿ ಆ ಸಾಲನ್ನು ಎರಡು ಸಲ ಓದಿದರು. ಮೂವತ್ತು ವರ್ಷ ಬೇರೆಯವರ ತಪ್ಪು ಹುಡುಕಿದ ಮನುಷ್ಯನಿಗೆ, ನಿನ್ನದರಲ್ಲಿ ಒಂದೂ ತಪ್ಪಿಲ್ಲ ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಕಣ್ಣು ಒದ್ದೆಯಾದವು. ಆಮೇಲೆ ಹುಡುಗಿಯರನ್ನು ನೋಡಿದರು, ಶಂಕ್ರಪ್ಪನ ಟೇಪನ್ನು ನೋಡಿದರು. ಕಿಸೆಗೆ ಕೈ ಹಾಕಿ ಬ್ಯಾಕ್‌ಸ್ಪೇಸ್ ಗುಂಡಿ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ನೀ ತಿದ್ದು. ನಾ ಆ ಕಡೆ ಮಾರಿ ಮಾಡತೀನಿ."

ಗುಂಡಿಯಿಲ್ಲದೆ ಮೌಸಿನಿಂದಲೇ ಅಳಿಸಬಹುದು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಗುಂಡಿ ಕೂರಿಸಿದೆ. ಅವರು ಗೋಡೆಗೆ ಮುಖ ಮಾಡಿ, ಕೈ ಕಟ್ಟಿಕೊಂಡು, ಶಿಕ್ಷೆಗೆ ನಿಂತ ಹುಡುಗನ ಹಾಗೆ ನಿಂತರು. ನಾನು ತಿದ್ದಿ, ಡ್ರೈವರ್ ಹಾಕಿ, ಮಷೀನ್ ಮತ್ತೆ ಶುರು ಮಾಡಿದೆ. ಬಣ್ಣ ಬಂತು. ಬಲಗೈಯ ಕೀಲಿಗಳೆಲ್ಲ ಪರದೆಯೊಳಗೆ ಬಂದವು. ಹುಡುಗಿಯರು ಚಪ್ಪಾಳೆ ತಟ್ಟಿದರು. ಮಾಸ್ತರರು ಮಾತ್ರ ತಿರುಗಲಿಲ್ಲ.

"ಎಷ್ಟು ಸಲ ಒತ್ತಿದಿ?"

"ನಾಕ ಸಲರಿ."

"ಗುಂಡಿ ಕೊಡು."

ಹಿಂದಕ್ಕೆ ಚಾಚಿದ ಕೈಯಲ್ಲಿ ಗುಂಡಿ ಇಟ್ಟೆ. ಅದು ಕಿಸೆಗೆ ಬಿದ್ದ ಮೇಲೆಯೇ ಅವರು ತಿರುಗಿದ್ದು.

"ನಾಳೆ ಏಳಕ್ಕ ಬರ್ರಿ" ಎಂದರು ಹುಡುಗಿಯರಿಗೆ. "ಈಗ ನೋಡಿದ್ದನ್ನ ಮರತು ಬರ್ರಿ."

ಒಂಬತ್ತೂ ಮಂದಿ ಬಂದರು. ಹತ್ತನೆಯವಳು ಶಂಕ್ರಪ್ಪನ ಮಗಳು.